ಶಾಂತಲೆಯ ಅಂತ್ಯ: ಶಾಸನ, ಐತಿಹ್ಯ, ಕಾದಂಬರಿ

ಮಧ್ಯಕಾಲದ ಐತಿಹ್ಯಗಳನ್ನು ಅವುಗಳಲ್ಲಿ ಬರುವ ಸ್ತ್ರೀಯ ದೃಷ್ಟಿಯಿಂದ ಮತ್ತೆ ನಿರೂಪಿಸುವುದು ಆಧುನಿಕ ಕಾದಂಬರಿಯ ಒಂದು ಮುಖ್ಯ ಪ್ರವೃತ್ತಿಯಾಗಿದೆ. ಇಂಥ ಕೃತಿಗಳನ್ನು ಹಸ್ತಪ್ರತಿಶಾಸ್ತ್ರದ ಪರಿಧಿಯ ಹೊರಗಿನವೆಂದು ಬದಿಗಿಡುವುದು ವಾಡಿಕೆ. ಆದರೆ ಇದ್ದ ಕಥೆಯನ್ನು ಬೇರೊಂದು ನೆಲೆಯಲ್ಲಿ ನಿಂತು ಹೇಳುವ ಕ್ರಮ ಜೈನ ವಾಙ್ಮಯಕ್ಕೆ ಅಪರಿಚಿತವಾದುದಲ್ಲ. ವಿಮಲಸೂರಿಯ ‘ಪಉಮಚರಿಯ’ದಿಂದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದವರೆಗಿನ ರಾಮಕಥಾ ಪರಂಪರೆ ಇದಕ್ಕೆ ನಿದರ್ಶನ. ಯಶೋಧರನ ಕಥೆಯನ್ನು ಹರಿಭದ್ರಸೂರಿ, 959ರಲ್ಲಿ ‘ಯಶಸ್ತಿಲಕ’ವನ್ನು ರಚಿಸಿದ ಸೋಮದೇವಸೂರಿ, ವಾದಿರಾಜ, 1209ರಲ್ಲಿ ಜನ್ನ ಇವರೆಲ್ಲರೂ ಹೇಳಿದ್ದಾರೆ, ಒಬ್ಬರ ಅಮೃತಮತಿ ಇನ್ನೊಬ್ಬರ ಅಮೃತಮತಿಯಲ್ಲ. 1980ರಲ್ಲಿ ಗಿರೀಶ ಕಾರ್ನಾಡರು ಜನ್ನನ ಕಾವ್ಯವನ್ನು ಆಧರಿಸಿ ‘ಹಿಟ್ಟಿನ ಹುಂಜ’ ನಾಟಕವನ್ನು ರಚಿಸಿದಾಗ ಅವರು ಆ ಪರಂಪರೆಯನ್ನು ಮುರಿದರೆನ್ನುವುದಕ್ಕಿಂತ ತಮ್ಮ ರೀತಿಯಲ್ಲಿ ಮುಂದುವರಿಸಿದರೆನ್ನುವುದು ಯುಕ್ತ.

ಕಥಾಪಾತ್ರಗಳ ವಿಷಯದಲ್ಲಿ ಕವಿಗೆ ಸಲ್ಲುವ ಈ ಸ್ವಾತಂತ್ರ್ಯ, ಬಾಳಿ ಬದುಕಿ ದಾನಶಾಸನಗಳನ್ನು ಬರೆಯಿಸಿದ ಸ್ತ್ರೀಯೊಬ್ಬಳ ವಿಷಯದಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದನ್ನು ಪರೀಕ್ಷಿಸಲು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಗಿಂತ ಉತ್ತಮವಾದ ಉದಾಹರಣೆ ಕನ್ನಡದಲ್ಲಿ ದೊರೆಯುವುದು ಕಷ್ಟ. ಅವಳನ್ನು ಕುರಿತು ಸಮಕಾಲೀನ ಶಾಸನಗಳಿವೆ. ಜನರ ಬಾಯಲ್ಲಿ ಉಳಿದ ಐತಿಹ್ಯವಿದೆ. ಇಪ್ಪತ್ತನೆಯ ಶತಮಾನದ ಎರಡು ಪ್ರಸಿದ್ಧ ಕಾದಂಬರಿಗಳಿವೆ. ಮೂರನ್ನೂ ಎದುರೆದುರಾಗಿ ಇಟ್ಟು ನೋಡಿದರೆ, ಸ್ತ್ರೀದೃಷ್ಟಿ ಎಂಬುದು ಕಾದಂಬರಿಕಾರನು ಹೊರಗಿನಿಂದ ತರಬೇಕಾದ ವಸ್ತುವಲ್ಲ, ಅದರ ಬಹುಭಾಗ ಆಕರಗಳಲ್ಲಿಯೇ ಇದ್ದು ಐತಿಹ್ಯದಿಂದ ಮುಚ್ಚಿಹೋಗಿದೆ ಎಂಬುದು ತಿಳಿದುಬರುತ್ತದೆ.

ಶಾಸನಗಳ ಶಾಂತಲೆ

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನ ಶ್ರಾವಿಕೆ, ಬಲದೇವ ದಂಡನಾಯಕನ ಮಗಳು. ಶಾಂತಲೆಯ ಗುರುಗಳು ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು. ಪತಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣ ದೇವಾಲಯವನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದೇ ಪ್ರಾಕಾರದಲ್ಲಿರುವ ಕಪ್ಪೆ ಚೆನ್ನಿಗರಾಯ ಗುಡಿಯನ್ನು ಮಾಡಿಸಿದವಳು ಶಾಂತಲೆ. ಶೈವ ತಂದೆ, ಜೈನ ತಾಯಿ, ವೈಷ್ಣವ ದೇವಾಲಯದ ನಿರ್ಮಾಣ, ಜೈನ ಗುರು ಇವೆಲ್ಲ ಒಂದೇ ಬಾಳಿನಲ್ಲಿ ಕೂಡಿಬಂದಿದ್ದವು. ಇದನ್ನು ಶಾಸನಗಳು ಎಲ್ಲಿಯೂ ಸಂಘರ್ಷವೆಂದು ಕಾಣಿಸುವುದಿಲ್ಲ; ಒಂದರ ಪಕ್ಕದಲ್ಲಿ ಒಂದಾಗಿ ಹೇಳುತ್ತವೆ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಸವತಿಗಂಧವಾರಣ ಬಸದಿ ಅವಳ ಅತಿ ಮುಖ್ಯವಾದ ಕಾರ್ಯ. ಶಕ 1045, ಶೋಭಕೃತ್ ಸಂವತ್ಸರದಲ್ಲಿ, ಎಂದರೆ 1123ರಲ್ಲಿ, ಶಾಂತಿನಾಥನನ್ನು ಪ್ರತಿಷ್ಠಾಪಿಸಿ, ಅದರ ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆಯೆಂಬ ಗ್ರಾಮವನ್ನು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಬಿಟ್ಟುಕೊಟ್ಟಳು. ಬಸದಿಗೆ ಬಂದ ಹೆಸರು ಅವಳ ಬಿರುದು. ತನ್ನ ಗಂಧಮಾತ್ರದಿಂದಲೇ ಇತರ ಆನೆಗಳನ್ನು ಓಡಿಸುವ ಮದಗಜಕ್ಕೆ ಗಂಧವಾರಣವೆಂದು ಹೆಸರು. ಸವತಿಯರ ಪಾಲಿಗೆ ಅಂಥ ಮದಗಜವಾದವಳು ಎಂಬುದು ಬಿರುದಿನ ಅರ್ಥ. ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನು ಶಾಸನಕವಿ ಹೊಗಳುತ್ತಾನೆ. ರುಕ್ಮಿಣಿ, ಸತ್ಯಭಾಮೆ, ಸೀತೆಯರೊಡನೆ ಹೋಲಿಸುತ್ತಾನೆ. ಈ ಹೋಲಿಕೆಗಳು ರಾಣಿಯರ ಪ್ರಶಸ್ತಿಗಳಲ್ಲಿ ರೂಢಿಯಾದವು. ಅವುಗಳಿಂದ ವ್ಯಕ್ತಿಯನ್ನು ಗುರುತಿಸಲಾಗದು. ಸವತಿಗಂಧವಾರಣ ಎಂಬ ಬಿರುದು ಹಾಗಲ್ಲ. ತಾನು ಕಟ್ಟಿಸಿದ ಜಿನಾಲಯಕ್ಕೆ ಅದೇ ಹೆಸರು ಸಲ್ಲುವಂತೆ ಮಾಡಿದ ರಾಣಿ ಅರಮನೆಯಲ್ಲಿ ತನ್ನ ಸ್ಥಾನವನ್ನು ಚೆನ್ನಾಗಿ ಅರಿತವಳಾಗಿದ್ದಳು, ಅದನ್ನು ಕಲ್ಲಿನಲ್ಲಿ ಹೇಳಲು ಸಂಕೋಚಪಡಲಿಲ್ಲ. ಮುಂದೆ ಐತಿಹ್ಯವನ್ನು ವಿಚಾರಿಸುವಾಗ ಈ ಅಂಶವನ್ನು ನೆನಪಿನಲ್ಲಿಡಬೇಕು.

ಅವಳು ಒಂಟಿಯಾಗಿ ನಿಂತ ದಾನಶೀಲೆಯೂ ಅಲ್ಲ. ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮಿ ಅದೇ ಬೆಟ್ಟದಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು. ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿ ಕತ್ತಲೆ ಬಸದಿಯನ್ನು ಮಾಡಿಸಿದನು. ಅವಳು 1120ರಲ್ಲಿ ಸಲ್ಲೇಖನದಿಂದ ಮುಡಿಪಿದಾಗ ನಿಷಿಧಿಯನ್ನು ನಿಲ್ಲಿಸಿದನು. ಹನ್ನೆರಡನೆಯ ಶತಮಾನದ ಮೊದಲ ಮೂರು ದಶಕಗಳ ಚಂದ್ರಗಿರಿಯ ಶಾಸನಗಳನ್ನು ಒಟ್ಟಿಗೆ ಓದಿದರೆ, ತಾಯಿ, ಪತ್ನಿ, ಸೊಸೆ, ಮಗಳು ಎಂಬ ಸಂಬಂಧಗಳ ಎಳೆಯಲ್ಲಿ ಸಾಗುವ ಒಂದು ಸ್ತ್ರೀಚರಿತ್ರೆಯೇ ಕಾಣಸಿಗುತ್ತದೆ.

‘ಮುಡಿಪಿ’ ಎಂಬ ಪದ

ಶಾಂತಲೆಯ ಮರಣವನ್ನು ಹೇಳುವ ಶಾಸನವೂ ಚಂದ್ರಗಿರಿಯದೇ. ಶಕ 1053ರ ವಿರೋಧಿಕೃತ್ ಸಂವತ್ಸರದ ಚೈತ್ರದಲ್ಲಿ, 1131ರಲ್ಲಿ, ಅವಳು ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥೆಯಾದಳೆಂದು ಅದು ತಿಳಿಸುತ್ತದೆ. ಶಾಸನ ಇಷ್ಟನ್ನೇ ಹೇಳುತ್ತದೆ. ಬೆಟ್ಟದ ತುದಿಯಿಂದ ಹಾರಿದಳೆಂದಾಗಲಿ, ಯಾವುದೋ ದುಃಖದಿಂದ ಪ್ರಾಣವನ್ನು ತೊರೆದಳೆಂದಾಗಲಿ ಅದರಲ್ಲಿ ಒಂದು ಸೂಚನೆಯೂ ಇಲ್ಲ.

‘ಮುಡಿಪು’ ಎಂಬ ಕ್ರಿಯಾಪದಕ್ಕೆ ಮುಗಿಸು, ಪೂರೈಸು ಎಂಬ ಅರ್ಥಗಳ ಹಿನ್ನೆಲೆಯಿದೆ. ಚಂದ್ರಗಿರಿಯ ಏಳನೆಯ ಶತಮಾನದ ನಿಷಿಧಿಗಳಲ್ಲಿ ‘ಮುಡಿಪ್ಪಿದಾರ್’ ಎಂಬ ರೂಪದಲ್ಲಿ ಮುನಿಗಳ ಹಾಗೂ ಕಂತಿಯರ ವ್ರತಪೂರ್ವಕ ಮರಣವನ್ನು ಹೇಳಲು ಇದೇ ಪದ ಬಳಕೆಯಾಗಿದೆ. ಆದ್ದರಿಂದ ಶಾಂತಲೆಯದೂ ಸಮಾಧಿಮರಣವೇ ಎಂದು ಕೆಲವರು ಭಾವಿಸುವುದು ಅಸಹಜವಲ್ಲ. ಆದರೆ ಇಲ್ಲಿ ಎಚ್ಚರ ಅಗತ್ಯ. ಅದೇ ಶಾಸನ ಮುಂದುವರಿದು ತಾಯಿ ಮಾಚಿಕಬ್ಬೆಯ ಅಂತ್ಯವನ್ನು ಹೇಳುವಾಗ ವ್ರತದ ವಿವರಗಳನ್ನೆಲ್ಲ ಕೊಡುತ್ತದೆ. ಮಗಳ ಮರಣಾನಂತರ ಅವಳು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಂಡಳು. ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತ, ಜಿನೇಂದ್ರನನ್ನು ಸ್ಮರಿಸುತ್ತ, ಬಂಧುಗಳನ್ನು ಬೀಳ್ಕೊಂಡು, ಒಂದು ತಿಂಗಳ ಕಾಲ ಉಪವಾಸವಿದ್ದು, ಭವ್ಯಜನರ ಸಮಕ್ಷಮದಲ್ಲಿ ಸಮಾಧಿಯನ್ನು ಹೊಂದಿದಳು. ವ್ರತದ ಕ್ರಮವನ್ನು ಇಷ್ಟು ಪೂರ್ಣವಾಗಿ ಬಲ್ಲ ಶಾಸನಕಾರನು ಮಗಳ ವಿಷಯದಲ್ಲಿ ಅದನ್ನು ಹೇಳಿಲ್ಲ. ಆದಕಾರಣ ಶಾಂತಲೆಯ ಮರಣವನ್ನು ಆತ್ಮಹತ್ಯೆಯೆನ್ನಲು ಹೇಗೆ ಆಧಾರವಿಲ್ಲವೋ, ಸಲ್ಲೇಖನವೆಂದು ನಿಶ್ಚಯವಾಗಿ ಹೇಳಲೂ ಹಾಗೆಯೇ ಆಧಾರ ಸಾಲದು. ಒಂದು ಐತಿಹ್ಯವನ್ನು ನಿರಾಕರಿಸುವ ಉತ್ಸಾಹದಲ್ಲಿ ಇನ್ನೊಂದನ್ನು ಕಟ್ಟುವುದು ಪಂಡಿತರಿಗೆ ಉಚಿತವಲ್ಲ.

ಈ ಶಾಸನದ ನಿಜವಾದ ನಾಯಿಕೆ ಮಗಳನ್ನು ಕಳೆದುಕೊಂಡ ತಾಯಿಯೆಂಬುದು ಸಾಮಾನ್ಯವಾಗಿ ಗಮನಕ್ಕೆ ಬಂದಿಲ್ಲ. ಶಾಂತಲೆಯ ಹೆಸರಿನ ತೇಜಸ್ಸಿನಲ್ಲಿ ಮಾಚಿಕಬ್ಬೆ ಮರೆಯಾಗಿದ್ದಾಳೆ. ಪುತ್ರಿಯ ಮರಣದಿಂದ ಆರ್ತಧ್ಯಾನಕ್ಕೆ ಬೀಳದೆ, ಆ ದುಃಖವನ್ನೇ ವೈರಾಗ್ಯಕ್ಕೆ ಕಾರಣವಾಗಿಸಿಕೊಂಡ ಶ್ರಾವಿಕೆಯ ಚಿತ್ರ ಶಿಲೆಯಲ್ಲಿ ಸಿದ್ಧವಾಗಿಯೇ ಇದೆ. ಮಾತೃದೃಷ್ಟಿಯ ಕಥನವೊಂದನ್ನು ಅರಸುವವರು ಬೇರೆಡೆಗೆ ಹೋಗಬೇಕಾಗಿಲ್ಲ.

ಐತಿಹ್ಯ ಹುಟ್ಟಿದ ಬಗೆ

ಜನಪ್ರಿಯವಾದ ಕಥೆ ಬೇರೆಯೇ ಆಗಿದೆ. ಶಾಂತಲೆಗೆ ಮಕ್ಕಳಿರಲಿಲ್ಲ, ರಾಜ್ಯಕ್ಕೆ ಉತ್ತರಾಧಿಕಾರಿ ಬೇಕಾಗಿತ್ತು, ಸವತಿಗೆ ದಾರಿ ಬಿಡಲೆಂದು ಅವಳು ಶಿವಗಂಗೆಯ ಬೆಟ್ಟದಿಂದ ಹಾರಿ ಪ್ರಾಣತ್ಯಾಗ ಮಾಡಿದಳು. ಇಂದಿಗೂ ಆ ಬೆಟ್ಟವನ್ನೇರಿದವರಿಗೆ ಅವಳು ಹಾರಿದ ತಾಣವೆಂದು ಕಡಿದಾದ ಒಂದು ಬಂಡೆಯಂಚನ್ನು ತೋರಿಸುವುದುಂಟು. ಈ ಕಥೆ ಹೇಗೆ ರೂಪುಗೊಂಡಿರಬಹುದೆಂಬುದನ್ನು ಊಹಿಸಲು ನೆರವಾಗುವ ಶಾಸನವೊಂದು ಹಳೇಬೀಡಿನಲ್ಲಿದೆ; ಅದರ ಮುಖ್ಯ ಘಟನೆ ನಡೆದದ್ದು ಮಾತ್ರ ಬನವಾಸಿ ನಾಡಿನಲ್ಲಿ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಮಳಗಿಯನ್ನು ನಡುವೆ ಇಟ್ಟುಕೊಂಡರೆ ಈ ಪ್ರದೇಶದ ಸ್ವರೂಪ ಸ್ಪಷ್ಟವಾಗುತ್ತದೆ. ಮಳಗಿಯ ಮಗ್ಗುಲಲ್ಲಿ ಹರಿಯುವ ಧರ್ಮಾ ನದಿ ಮುಂದೆ ವರದೆಯನ್ನು ಸೇರುತ್ತದೆ. ದಕ್ಷಿಣಕ್ಕೆ ವರದೆಯ ದಡದ ಬನವಾಸಿ, ಪೂರ್ವಕ್ಕೆ ಕದಂಬರ ಶಾಖೆಯೊಂದರ ರಾಜಧಾನಿಯಾದ ಹಾನಗಲ್ಲು, ಈಶಾನ್ಯಕ್ಕೆ ಬಂಕಾಪುರ. ಜಿನಸೇನ-ಗುಣಭದ್ರರ ಪರಂಪರೆಯ ಲೋಕಸೇನನು 898ರಲ್ಲಿ ‘ಉತ್ತರಪುರಾಣ’ದ ಪ್ರಶಸ್ತಿಯಲ್ಲಿ ಹೆಸರಿಸಿದ ಬಂಕಾಪುರ ಇದೇ. ವಿಷ್ಣುವರ್ಧನನ ಉತ್ತರವಯಸ್ಸಿನ ಯುದ್ಧಗಳ ರಂಗಭೂಮಿಯೂ ಇದೇ ನಾಡು. ಬನವಾಸಿ, ಹಾನಗಲ್ಲುಗಳನ್ನು ಗೆದ್ದುದನ್ನು ಅವನ ಬಿರುದುಗಳು ಸಾರುತ್ತವೆ. ಬಂಕಾಪುರ ಅವನ ನೆಲೆವೀಡಾಗಿತ್ತು. ಅವನು ಕಡೆಯುಸಿರೆಳೆದದ್ದೂ ಅಲ್ಲಿಯೇ.

ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಜಿನಾಲಯದ ಪ್ರತಿಷ್ಠೆ 1133ರಲ್ಲಿ ನಡೆಯಿತು. ಪ್ರತಿಷ್ಠೆಯಾದ ಬಳಿಕ ಪೂಜಕರು ಶೇಷೆಯನ್ನು ತೆಗೆದುಕೊಂಡು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ತನ್ನ ಮೇಲೆ ಏರಿಬಂದ ಮಸಣನನ್ನು ಅರಸನು ಆಗತಾನೆ ಸೋಲಿಸಿದ್ದನು. ಲಕ್ಷ್ಮೀಮಹಾದೇವಿಯಲ್ಲಿ ಅವನಿಗೆ ಮಗನೂ ಹುಟ್ಟಿದ್ದನು. ಶೇಷೆಯನ್ನು ಸ್ವೀಕರಿಸಿದ ಅರಸನು, ಈ ದೇವನ ಪ್ರತಿಷ್ಠೆಯ ಪುಣ್ಯದಿಂದಲೇ ವಿಜಯವೂ ಪುತ್ರೋತ್ಸವವೂ ಲಭಿಸಿದುವೆಂದು ಸಂತೋಷಪಟ್ಟು, ದೇವನಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಮುಂದೆ ಪಟ್ಟಕ್ಕೆ ಬಂದವನು ಈ ನರಸಿಂಹನೇ.

ಈಗ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು. 1131ರಲ್ಲಿ ಪಟ್ಟಮಹಾದೇವಿ ತೀರಿಕೊಂಡಳು. 1133ರ ಹೊತ್ತಿಗೆ ಸವತಿಯ ಹೊಟ್ಟೆಯಲ್ಲಿ ಪಟ್ಟಕ್ಕೆ ಅರ್ಹನಾದ ಕುಮಾರ ಹುಟ್ಟಿದ್ದನು. ಒಂದರ ಬೆನ್ನಿಗೆ ಬಂದ ಇನ್ನೊಂದನ್ನು ಅದರ ಫಲವೆಂದು ತಿಳಿಯುವುದು ಲೋಕರೂಢಿ. ಇವಳು ಹೋದದ್ದರಿಂದ ಅವನು ಬಂದ ಎಂಬುದು, ಅವನು ಬರಲೆಂದೇ ಇವಳು ಹೋದಳು ಎಂದಾಗುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಶಿವಗಂಗೆಯಂಥ ಕಡಿದಾದ ಬೆಟ್ಟ ಮರಣದ ಸ್ಥಳವಾಗಿದ್ದುದು ಉಳಿದ ಅಂಶವನ್ನು ಒದಗಿಸಿತು. ಇದು ಊಹೆಯೇ ಆದರೂ ಶಾಸನಗಳ ಕಾಲಕ್ರಮಕ್ಕೆ ಒಪ್ಪುವ ಊಹೆ.

ಐತಿಹ್ಯದ ಇನ್ನೊಂದು ಅಂಗವನ್ನೂ ಶಾಸನಗಳು ಸಡಿಲಿಸುತ್ತವೆ. ವಿಷ್ಣುವರ್ಧನನಿಗೆ 1131ಕ್ಕೆ ಮೊದಲು ಮಕ್ಕಳೇ ಇರಲಿಲ್ಲವೆಂಬ ಮಾತು ನಿಲ್ಲುವುದಿಲ್ಲ. 1130ರ ಹಂತೂರಿನ ಶಾಸನದಲ್ಲಿ ಅವನ ಮಗಳು ಹರಿಯಬ್ಬರಸಿ ಜಿನಾಲಯವನ್ನು ಕಟ್ಟಿಸಿದವಳಾಗಿ ಕಾಣಿಸಿಕೊಳ್ಳುತ್ತಾಳೆ. ಅವಳ ಸಹೋದರನಾದ ಕುಮಾರ ಬಲ್ಲಾಳನ ಹೆಸರೂ ಅಲ್ಲಿದೆ. ಇವರ ತಾಯಿ ಶಾಂತಲೆಯೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲದಿದ್ದರೂ, ಸಂತಾನಹೀನವಾದ ಅರಮನೆ ಎಂಬ ಚಿತ್ರಕ್ಕಂತೂ ಎಡೆಯಿಲ್ಲ.

ಅರಸನ ಮತಾಂತರದ ಕಥೆಯೂ ಇದೇ ಬಗೆಯದು. ರಾಮಾನುಜರ ಪ್ರಭಾವದಿಂದ ಅವನು ವೈಷ್ಣವನಾಗಿ ಬಸದಿಗಳನ್ನು ಕೆಡಿಸಿದನೆಂಬ ಕಥನಗಳು ಬಹುಕಾಲದ ಅನಂತರದವು. ಅವನೇ 1125ರಲ್ಲಿ ಶ್ರೀಪಾಲ ತ್ರೈವಿದ್ಯದೇವರಿಗೆ ದತ್ತಿಯಿತ್ತದ್ದಕ್ಕೂ, 1133ರಲ್ಲಿ ಪಾರ್ಶ್ವನಾಥನ ಶೇಷೆಯನ್ನು ಭಕ್ತಿಯಿಂದ ಸ್ವೀಕರಿಸಿದ್ದಕ್ಕೂ ಸಮಕಾಲೀನ ಸಾಕ್ಷ್ಯವಿದೆ. ಮತಾಂತರದ ಸಂಕಟಕ್ಕೆ ಸಿಕ್ಕಿ ನಲುಗಿದ ಜೈನ ರಾಣಿ ಎಂಬ ಕಲ್ಪನೆ ಆ ಕಥನಗಳ ಮೇಲೆ ನಿಂತಿದೆಯೇ ಹೊರತು ಶಾಸನಗಳ ಮೇಲಲ್ಲ.

ಎರಡು ಕಾದಂಬರಿಗಳು

ಅಂಗಸಾಧನೆಯ ಗುರುಗಳೆಂದು ಬೆಂಗಳೂರಿನಲ್ಲಿ ಪ್ರಖ್ಯಾತರಾಗಿದ್ದ ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ರಾಣಿಯ ಹೆಸರನ್ನು ಕನ್ನಡದ ಮನೆಮನೆಗೆ ಮುಟ್ಟಿಸಿತು. ಅಯ್ಯರ್ ಅವರು ಆತ್ಮಾರ್ಪಣೆಯ ಐತಿಹ್ಯವನ್ನೇ ಕಥೆಯ ಕೊನೆಯ ಶಿಖರವಾಗಿಸಿಕೊಂಡರು. ಅವರ ಶಾಂತಲೆ ತ್ಯಾಗಮೂರ್ತಿ. ಓದುಗರ ಹೃದಯವನ್ನು ಕರಗಿಸುವ ಶಕ್ತಿ ಆ ಚಿತ್ರಕ್ಕಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಕಥೆಯ ಕೇಂದ್ರದಲ್ಲಿ ಸ್ತ್ರೀ ಇದ್ದರೂ ದೃಷ್ಟಿ ಸ್ತ್ರೀಯದೆನ್ನುವುದು ಕಷ್ಟ. ಅರಸನಿಗೂ ರಾಜ್ಯಕ್ಕೂ ಬೇಕಾದುದನ್ನು ಒದಗಿಸಲು ಅವಳು ಬದುಕಿ, ಅದಕ್ಕಾಗಿಯೇ ಸಾಯುತ್ತಾಳೆ. ಸವತಿಗಂಧವಾರಣವೆಂಬ ಬಿರುದನ್ನು ಧರಿಸಿದ ರಾಣಿಯನ್ನು ಸವತಿಗಾಗಿ ಪ್ರಾಣ ಬಿಟ್ಟವಳನ್ನಾಗಿ ಮಾಡುವಲ್ಲಿ ಐತಿಹ್ಯ ಶಾಸನವನ್ನು ಸಂಪೂರ್ಣವಾಗಿ ತಲೆಕೆಳಗು ಮಾಡಿದೆ. ಕಾದಂಬರಿ ಐತಿಹ್ಯವನ್ನು ಅನುಸರಿಸಿದೆ.

1978ರಲ್ಲಿ ಪ್ರಕಟವಾದ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಬೇರೆಯ ಜಾತಿಯ ಕೃತಿ. ಮಕ್ಕಳಿಲ್ಲದ ಕಾರಣ ರಾಣಿ ಪ್ರಾಣ ನೀಗಿದಳೆಂಬ ಕಥೆಯನ್ನು ನಾಗರಾಜರಾಯರು ಒಪ್ಪಲಿಲ್ಲ. ಅವಳನ್ನು ತಾಯಿಯಾಗಿಯೂ ಚಿತ್ರಿಸಿದರು. ಶಾಸನಗಳ ವ್ಯಕ್ತಿಗಳನ್ನು ಒಬ್ಬೊಬ್ಬರಾಗಿ ಕರೆತಂದು ವಿಸ್ತಾರವಾದ ಕಥೆಯನ್ನು ಹೆಣೆದರು. ಶಾಂತಲೆಯ ಬಾಲ್ಯವನ್ನು ಅವರು ಬಳ್ಳಿಗಾವೆಯಲ್ಲಿ, ಎಂದರೆ ಬನವಾಸಿ ನಾಡಿನ ಬಲಿಪುರದಲ್ಲಿ, ಇರಿಸಿದ್ದಾರೆ. ಮಾರಸಿಂಗಯ್ಯನು ಅಲ್ಲಿಯ ಹೆಗ್ಗಡೆ. 1131ರ ಶಾಸನಕ್ಕೆ ಸಂಬಂಧಿಸಿದ ಲೇಖಕನಾದ ಬೋಕಿಮಯ್ಯ ಕಾದಂಬರಿಯಲ್ಲಿ ಬಾಲೆ ಶಾಂತಲೆಗೆ ವಿದ್ಯೆ ಕಲಿಸುವ ಗುರುವಾಗಿದ್ದಾನೆ. ಅವಳ ಮರಣವನ್ನು ಬರಹಕ್ಕೆ ಇಳಿಸಿದವನನ್ನೇ ಅವಳಿಗೆ ಅಕ್ಷರ ಕಲಿಸಿದವನನ್ನಾಗಿ ಮಾಡಿದ್ದು ಕಲ್ಪನೆ. ಆದರೆ ಅದು ಆಕರವನ್ನು ಓದಿದವನ ಕಲ್ಪನೆ, ಆಕರವನ್ನು ಅಲ್ಲಗಳೆಯುವುದಿಲ್ಲ.

ಈ ಕಾದಂಬರಿಯಲ್ಲಿ ರಾಜ್ಯದ ಚರಿತ್ರೆ ಸ್ತ್ರೀಯರ ಮನೆಗಳಲ್ಲಿ ನಡೆಯುತ್ತದೆಂಬುದು ಗಮನಾರ್ಹ. ಎರೆಯಂಗನ ಪತ್ನಿ ಏಚಲದೇವಿ, ಮರಿಯಾನೆ ದಂಡನಾಯಕನ ಪತ್ನಿ ಚಾಮವ್ವೆ, ಅವಳ ಹೆಣ್ಣುಮಕ್ಕಳು, ಮಾಚಿಕಬ್ಬೆ ಇವರ ಸ್ನೇಹ, ಅಸೂಯೆ, ಹಂಚಿಕೆಗಳಿಂದ ಕಥೆ ಮುನ್ನಡೆಯುತ್ತದೆ. ಇದಕ್ಕೂ ಶಾಸನದ ಬಲವಿದೆ. 1103ರಲ್ಲಿ ಒಂದನೆಯ ಬಲ್ಲಾಳನು ಮರಿಯಾನೆಯ ಮಕ್ಕಳಾದ ಪದುಮಲದೇವಿ, ಚಾಮಲದೇವಿ, ಬೊಪ್ಪದೇವಿ ಮೂವರನ್ನೂ ಒಂದೇ ಹಸೆಯಲ್ಲಿ ಮದುವೆಯಾಗಿ, ಮೊಲೆವಾಲ ಋಣಕ್ಕೆಂದು ಸಿಂದಿಗೆರೆಯನ್ನು ಮರಿಯಾನೆಗೆ ಮತ್ತೆ ದೃಢಪಡಿಸಿ ಕೊಟ್ಟನು. ಮೊಲೆಯುಣಿಸಿದ ಹೆಣ್ಣಿನ ಋಣವನ್ನು ಭೂಮಿಯ ದತ್ತಿಯಾಗಿ ಬರೆದಿಟ್ಟ ಕಾಲದ ರಾಜನೀತಿಯನ್ನು ಹೆಂಗಸರ ಒಳಮನೆಯಿಂದ ನೋಡುವುದು ಕಾದಂಬರಿಕಾರನ ಮನಸ್ವೇಚ್ಛೆಯಲ್ಲ. ಆ ಕಾಲದ ದಾಖಲೆಯೇ ತೆರೆದಿಟ್ಟ ಬಾಗಿಲು.

ಈ ಕೃತಿಗೆ ಭಾರತೀಯ ಜ್ಞಾನಪೀಠದ ಮೊತ್ತಮೊದಲ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ದೊರೆಯಿತು. ಪಂಡಿತ ಪಿ. ವೆಂಕಟಾಚಲ ಶರ್ಮರ ಹಿಂದಿ ಅನುವಾದವನ್ನು ಜ್ಞಾನಪೀಠವೇ ನಾಲ್ಕು ಭಾಗಗಳಲ್ಲಿ ಪ್ರಕಟಿಸಿತು. ‘ಮಹಾಬಂಧ’ದಂಥ ಆಗಮಗ್ರಂಥವನ್ನೂ, 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನೂ ಹೊರತಂದ ಸಂಸ್ಥೆ ಅದೇ. ತಾಳೆಗರಿಯ ಸೂಚಿಯೂ ಕಾದಂಬರಿಯೂ ಒಂದೇ ಮನೆಯಿಂದ ಬಂದುದು ಆಕಸ್ಮಿಕವಾದರೂ ಅರ್ಥಪೂರ್ಣ.

ನಾಗರಾಜರಾಯರ ಕೃತಿ ನಿರ್ದುಷ್ಟವೆಂದು ಇದರ ಅರ್ಥವಲ್ಲ. ಅವರ ಶಾಂತಲೆ ಬಾಲ್ಯದಿಂದಲೇ ಸರ್ವಗುಣಸಂಪನ್ನೆ; ಅವಳ ವಿವೇಕಕ್ಕೆ ಎದುರಿಲ್ಲ. ಮದಗಜವೆಂದು ತನ್ನನ್ನು ಕರೆಸಿಕೊಂಡ ಶಾಸನದ ರಾಣಿಯಲ್ಲಿ ಕಾಣುವ ಅಭಿಮಾನದ ಬಿಸುಪು ಈ ಸೌಮ್ಯಮೂರ್ತಿಯಲ್ಲಿ ತುಸು ಆರಿದೆ. ತ್ಯಾಗಮೂರ್ತಿಯ ಬದಲು ಆದರ್ಶಮೂರ್ತಿ ಬಂದಿದ್ದಾಳೆ. ಆದರೂ ಮರಣದಿಂದಲ್ಲದೆ ಬಾಳಿನಿಂದ ಅವಳನ್ನು ಅಳೆದದ್ದು ಈ ಕಾದಂಬರಿಯ ದೊಡ್ಡ ಸಾಧನೆ.

ಗೇರುಸೊಪ್ಪೆಯ ನಿದರ್ಶನ

ಉತ್ತರ ಕನ್ನಡ ಜಿಲ್ಲೆಗೇ ಸೇರಿದ ಇನ್ನೊಬ್ಬ ಜೈನ ರಾಣಿಯ ವಿಷಯದಲ್ಲಿ ಐತಿಹ್ಯದ ಸ್ವರೂಪ ಬೇರೆಯಾಗಿದೆ. ಸಾಳುವ ವಂಶದ ಚೆನ್ನಭೈರಾದೇವಿ 1552ರ ಸುಮಾರಿನಿಂದ 1606ರವರೆಗೆ ಗೇರುಸೊಪ್ಪೆಯಿಂದ ಆಳಿದಳು. ಕರಿಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಅವಳನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದ 1604ನೆಯ ವರ್ಷ ಅವಳ ಆಳ್ವಿಕೆಯ ಕೊನೆಗಾಲಕ್ಕೆ ಸೇರುತ್ತದೆ. ಕೆಳದಿಯ ವೆಂಕಟಪ್ಪನಾಯಕನಿಂದ ಸೋತು, ಇಕ್ಕೇರಿಯ ಸೆರೆಯಲ್ಲಿ ಅವಳ ಬಾಳು ಮುಗಿಯಿತೆಂದು ಪ್ರತೀತಿ.

1623ರಲ್ಲಿ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಪತನಕ್ಕೆ ಕೊಟ್ಟ ಕಾರಣ ವಿಲಕ್ಷಣವಾದುದು. ರಾಣಿ ಕೀಳುಕುಲದ ಪರಸ್ಥಳದವನೊಬ್ಬನಿಗೆ ಮನಸೋತು ರಾಜ್ಯವನ್ನು ಅವನ ಕೈಗೊಪ್ಪಿಸಿದಳು, ಅವನೇ ತಿರುಗಿಬಿದ್ದ ಎಂಬುದು ಅವನು ಕೇಳಿ ಬರೆದ ಕಥೆ. ಅವನು ಪಯಣಿಸುತ್ತಿದ್ದುದು ರಾಣಿಯನ್ನು ಸೋಲಿಸಿದ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ದೂತರೊಂದಿಗೆ. ಗೆದ್ದವರ ನಾಡಿನಲ್ಲಿ ಸೋತ ಹೆಣ್ಣಿನ ಕುರಿತು ಹರಡಿದ ಮಾತು ಯಾವ ಬಗೆಯದಾಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಡಾ. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿ ಅವಳನ್ನು ಮುಖ್ಯವಾಗಿ ಆಡಳಿತಗಾರ್ತಿಯಾಗಿ, ಬಂದರು ಹಾಗೂ ಮೆಣಸಿನ ರಾಜಕಾರಣವನ್ನು ಬಲ್ಲವಳಾಗಿ ಕಾಣಿಸಿ ಈ ಅಪವಾದಕ್ಕೆ ಉತ್ತರ ಕೊಡುತ್ತದೆ. ಶಾಂತಲೆಯನ್ನು ಐತಿಹ್ಯ ಅತಿಯಾಗಿ ಹೊಗಳಿ ಮರೆಮಾಡಿತು. ಚೆನ್ನಭೈರಾದೇವಿಯನ್ನು ತೆಗಳಿ ಮರೆಮಾಡಿತು. ಎರಡರಲ್ಲಿಯೂ ಹೆಣ್ಣಿನ ಅಂತ್ಯಕ್ಕೆ ಪ್ರಣಯವೊಂದೇ ಕಾರಣವಾಗಬಲ್ಲದೆಂಬ ಒಂದೇ ಪೂರ್ವಗ್ರಹ ಕೆಲಸ ಮಾಡಿದೆ.

ಪ್ರಶಸ್ತಿಗಳಲ್ಲಿ ಉಳಿದ ಸ್ತ್ರೀಯರು

ಹಸ್ತಪ್ರತಿಗಳ ಅಭ್ಯಾಸಿಗಳು ಈ ಚರ್ಚೆಗೆ ಕೊಡಬಹುದಾದ ಕಾಣಿಕೆ ಇಲ್ಲಿಯೇ ಇದೆ. ಪೊನ್ನನ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು, 993ರ ರನ್ನನ ‘ಅಜಿತಪುರಾಣ’ದಿಂದಲೂ 1007ರ ಲಕ್ಕುಂಡಿಯ ಶಾಸನದಿಂದಲೂ ಎಲ್ಲರೂ ಬಲ್ಲರು. ಅವಳಂತೆಯೇ ಗ್ರಂಥರಕ್ಷಣೆ ಮಾಡಿದ ಇತರರನ್ನು ಬಲ್ಲವರು ವಿರಳ. ಮೂಡಬಿದಿರೆಯ ‘ಧವಲಾ’ ತಾಡಪತ್ರಪ್ರತಿಯ ಪ್ರಶಸ್ತಿ, ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಅದನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದ ದೇಮಿಯಕ್ಕನನ್ನು ಹೆಸರಿಸುತ್ತದೆ; ಆ ಪ್ರತಿ ವಿಷ್ಣುವರ್ಧನ-ಶಾಂತಲೆಯರ ಕಾಲದ್ದೇ. ‘ಮಹಾಬಂಧ’ದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ. ಷಟ್ಖಂಡಾಗಮ ಇಂದು ನಮ್ಮ ಕೈಯಲ್ಲಿರುವುದಕ್ಕೆ ಈ ಸ್ತ್ರೀಯರ ವ್ರತನಿಷ್ಠೆ ಕಾರಣ. 1838ರಲ್ಲಿ ದೇವಚಂದ್ರನು ಐತಿಹ್ಯಗಳ ಭಂಡಾರವಾದ ‘ರಾಜಾವಳೀಕಥೆ’ಯನ್ನು ಪೂರೈಸಿದ್ದೂ ಮೈಸೂರು ರಾಜವಂಶದ ದೇವೀರಾಂಬೆಯ ಆಸಕ್ತಿಯಿಂದ. ಐತಿಹ್ಯವನ್ನು ಬರೆದವನು ಪುರುಷನಾದರೂ ಕೇಳಿ ಬರೆಯಿಸಿಕೊಂಡವಳು ಸ್ತ್ರೀ.

ಗ್ರಂಥಸಂಪಾದನೆಯಲ್ಲಿ ಇಂಥ ಪ್ರಶಸ್ತಿಪದ್ಯಗಳನ್ನು ಸಾಮಾನ್ಯವಾಗಿ ಕಾಲನಿರ್ಣಯಕ್ಕಾಗಿಯೂ ಗುರುಪರಂಪರೆಯ ನಿರ್ಧಾರಕ್ಕಾಗಿಯೂ ಬಳಸಿ ಅಲ್ಲಿಗೆ ಬಿಡಲಾಗುತ್ತದೆ. ಯಾರು, ಯಾವ ವ್ರತದ ನಿಮಿತ್ತ, ಯಾರ ನೆನಪಿಗಾಗಿ ಬರೆಯಿಸಿದರೆಂಬ ಅಂಶಗಳನ್ನು ಸೂಚಿಗಳಲ್ಲಿ ಪ್ರತ್ಯೇಕವಾಗಿ ದಾಖಲಿಸಿದರೆ, ಸ್ತ್ರೀಯರ ಧಾರ್ಮಿಕ ಬದುಕಿನ ಒಂದು ಆಕರಕೋಶವೇ ಸಿದ್ಧವಾಗುತ್ತದೆ. ಮೂಡಬಿದಿರೆ, ಶ್ರವಣಬೆಳಗೊಳ, ಹೊಂಬುಜ, ಸೋದೆಯ ಮಠಗಳ ಪರಂಪರೆಯನ್ನು ಬಲ್ಲವರಿಗೆ ಇದು ಅಸಾಧ್ಯವಾದ ಕೆಲಸವಲ್ಲ.

ಇಂಥ ಪರಿಶೀಲನೆಯ ಅಗತ್ಯ ಸಾಹಿತ್ಯಕ್ಕೆ ಮಾತ್ರ ಸೀಮಿತವಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ವ್ರತಮರಣಕ್ಕೂ ಹತಾಶೆಯ ಪ್ರಾಣತ್ಯಾಗಕ್ಕೂ ಇರುವ ಅಂತರ ಪಂಡಿತರ ಗೋಷ್ಠಿಯಿಂದ ನ್ಯಾಯಪೀಠದವರೆಗೆ ಹೋದ ವಿಷಯವಾಗಿದೆ. ಹೀಗಿರುವಾಗ ಜೈನ ರಾಣಿಯೊಬ್ಬಳ ಮರಣವನ್ನು ಆಧಾರವಿಲ್ಲದೆ ಬೆಟ್ಟದಿಂದ ಹಾರಿದ ಕಥೆಯಾಗಿಸುವುದೂ, ಆಧಾರ ಸಾಲದೆ ಸಲ್ಲೇಖನವೆಂದು ಸಾರುವುದೂ ಸಮಾನವಾಗಿ ಅಪಾಯಕರ. 1131ರ ಶಾಸನ ಆ ಅಂತರವನ್ನು ತಾನೇ ತೋರಿಸಿಕೊಟ್ಟಿದೆ. ತಾಯಿಯ ವ್ರತವನ್ನು ಅದು ವ್ರತವೆಂದೇ ಸವಿವರವಾಗಿ ಹೇಳಿತು. ಮಗಳ ಮರಣವನ್ನು ಒಂದೇ ಪದದಲ್ಲಿ ಮುಗಿಸಿತು.

ಕಾದಂಬರಿಕಾರನಿಗೆ ಆ ಮೌನವನ್ನು ತುಂಬುವ ಅಧಿಕಾರವಿದೆ. ಯಾವುದು ಮೌನ, ಯಾವುದು ಮಾತು ಎಂಬುದನ್ನು ಅವನಿಗೂ ಓದುಗರಿಗೂ ಬಿಡಿಸಿ ತೋರಿಸುವುದು ಆಕರಗಳ ಅಭ್ಯಾಸಿಯ ಹೊಣೆ. ಸವತಿಗಂಧವಾರಣ ಬಸದಿಯ ಶಾಂತಿನಾಥ, ಮೊಟ್ಟೆನವಿಲೆಯ ದತ್ತಿ, ಮಾಚಿಕಬ್ಬೆಯ ಒಂದು ತಿಂಗಳ ಉಪವಾಸ ಇವು ಮಾತುಗಳು. ಶಿವಗಂಗೆಯ ಬಂಡೆಯಂಚಿಗೆ ಮಾತು ಕೊಟ್ಟದ್ದು ಐತಿಹ್ಯ.